ಅಮ್ಮನ್ನ, ಮಕ್ಕಳನ್ನ ಕರ್ಕೊಂಡು ಹಳ್ಳಿ ಬ್ರೂವರಿಗೆ ಹೋಗೋದು ಸರಿನಾ? (ಜರ್ಮನಿ, ಮೇ ತಿಂಗಳು)

ವಿದ್ಯಾನಗರದವ
ಎಲ್ಲರಿಗೂ ನಮಸ್ಕಾರ. ನಮ್ಮ ಅಕ್ಕ-ಭಾವ ಜರ್ಮನಿಯ ಎರ್ಲಾಂಗನ್‌ನಲ್ಲಿದ್ದಾರೆ. ಮಕ್ಕಳ ಬೇಸಿಗೆ ರಜೆ ಮುಗಿಯೋದರೊಳಗೆ ನಾನು, ಮನೆಯವಳು, ಮಕ್ಕಳಿಬ್ಬರು (11 ಮತ್ತು 6), ಅಮ್ಮ ಹೋಗಿ ಬರ್ತಿದ್ದೀವಿ. ಭಾವ ಒಂದು ಶನಿವಾರ-ಭಾನುವಾರ ಅಲ್ಲಿನ ಹಳ್ಳಿ ಕಡೆಯ ಸಣ್ಣ ಬ್ರೂವರಿಗಳಿಗೆ ಕರ್ಕೊಂಡು ಹೋಗ್ತೀನಿ, ರುಚಿ ನೋಡೋಣ, ಎಲ್ಲರೂ ಬರ್ರಿ ಅಂತಿದ್ದಾರೆ. ನಾನು ಯಾವಾಗಾದರೂ ಒಂದು ಬಿಯರ್ ಕುಡಿಯೋನು. ಮನೆಯವಳು ಮುಟ್ಟಲ್ಲ. ಅಮ್ಮ ದಿನಾ ಲಿಂಗಪೂಜೆ ಮಾಡೋರು, ಮೊಟ್ಟೆ ಹಾಕಿದ ಕೇಕ್ ಕೂಡ ತಿನ್ನಲ್ಲ. ಬ್ರೂವರಿ ಅಂದ್ರೆ ನನ್ನ ತಲೆಗೆ ಬರೋದು ಒಂದೋ ಫ್ಯಾಕ್ಟರಿ, ಇಲ್ಲ ಬೆಂಗಳೂರಲ್ಲಿ ಕಿವಿ ಹರಿಯೋ ಹಾಗೆ ಮ್ಯೂಸಿಕ್ ಹಾಕಿರೋ ಪಬ್. ಭಾವ ‘ಅಲ್ಲಿ ಅಜ್ಜಿಯಂದ್ರೂ ಬರ್ತಾರೆ’ ಅಂತ ನಗ್ತಾರೆ. ಹೋಗಿ ಬಂದವರು ಯಾರಾದರೂ ಇದ್ದರೆ ನಿಜ ಹೇಳ್ರಿ. ಅಮ್ಮನಿಗೆ ಮುಜುಗರ ಆಗೋ ಜಾಗಕ್ಕೆ ಕರ್ಕೊಂಡು ಹೋಗೋಕೆ ಮನಸ್ಸಿಲ್ಲ.

ಮಂಡಕ್ಕಿ ಮಿರ್ಚಿ
ನಮ್ಮೂರಲ್ಲೇ ‘ಬಾರ್ ಅಂಡ್ ಫ್ಯಾಮಿಲಿ ರೆಸ್ಟೋರೆಂಟ್’ ಅಂತ ಬೋರ್ಡ್ ಇರೋವು ಬೇಕಾದಷ್ಟು ಅದಾವಲ್ಲಣ್ಣ. ಫ್ಯಾಮಿಲಿ ಒಂದು ಕಾಣ್ಸಲ್ಲ ಅಷ್ಟೇ.

ಕುಂದವಾಡ ಕೆರೆ ವಾಕರ್
ಮೇಲಿನವರಿಗೆ: ಕಾಣ್ಸುತ್ತೆ, ಪಾರ್ಸಲ್ ಕೌಂಟರ್ ಹತ್ರ ಸ್ಕೂಟಿ ಆಫ್ ಮಾಡದೆ ನಿಂತಿರುತ್ತೆ.

ನಿಟ್ಟುವಳ್ಳಿ ಟು ಎರ್ಲಾಂಗನ್
ಅಣ್ಣಾ, ನಾನು ನಿಮ್ಮ ಅಕ್ಕನ ಊರಲ್ಲೇ ಇರೋದು. ಹುಟ್ಟಿ ಬೆಳೆದಿದ್ದು ನಿಟ್ಟುವಳ್ಳಿ. ನಮ್ಮ ಅತ್ತೆ-ಮಾವ ಬಂದಾಗಲೂ ಇದೇ ಪ್ರಶ್ನೆ ಎದ್ದಿತ್ತು, ಆದ್ದರಿಂದ ಸ್ವಲ್ಪ ಉದ್ದಕ್ಕೆ ಬರೀತೀನಿ.

ಈ ಭಾಗಕ್ಕೆ ಫ್ರಾಂಕೋನಿಯಾ ಅಂತಾರೆ, ಬವೇರಿಯಾ ರಾಜ್ಯದ ಉತ್ತರಕ್ಕೆ. ಜನಸಂಖ್ಯೆಗೆ ಹೋಲಿಸಿದರೆ ಪ್ರಪಂಚದಲ್ಲೇ ಅತಿ ಹೆಚ್ಚು ಬ್ರೂವರಿ ಇರೋ ಸೀಮೆ ಇದು. ಔಫ್ಸೆಸ್ ಅಂತ ಒಂದು ಗ್ರಾಮ ಪಂಚಾಯ್ತಿಯಷ್ಟು ಜಾಗ ಇದೆ. ಅಲ್ಲಿರೋದು ಸಾವಿರದ ಮುನ್ನೂರು, ನಾನೂರು ಜನ. ಬ್ರೂವರಿ ನಾಲ್ಕು! ಗಿನ್ನೆಸ್ ದಾಖಲೆಗೂ ಸೇರಿತ್ತು. ನಾಲ್ಕನ್ನೂ ಸುತ್ತಿಸೋ ಕಾಲುದಾರಿ ಇದೆ, ಸುಮಾರು 14 ಕಿಲೋಮೀಟರ್, ಹೊಲ ಮತ್ತು ಕಾಡಿನ ನಡುವೆ. ಬ್ರೂವರಿ ಅಂದ್ರೆ ಇಲ್ಲಿ ಒಂದು ದೊಡ್ಡ ಮನೆ ಅಂದ್ಕೊಳ್ಳಿ. ಹಿಂದುಗಡೆ ಬಿಯರ್ ಕಾಯಿಸೋ ಹಂಡೆಗಳು, ಮುಂದುಗಡೆ ಊಟದ ಮನೆ, ಪಕ್ಕದಲ್ಲಿ ಮರದ ಕೆಳಗೆ ಬೆಂಚುಗಳು. ಗಂಡ ಕಾಯಿಸ್ತಾನೆ, ಹೆಂಡತಿ ಅಡುಗೆಮನೆ ನೋಡ್ಕೋತಾಳೆ, ಮಗಳು ತಟ್ಟೆ ತಂದಿಡ್ತಾಳೆ. ಭಾನುವಾರ ಚರ್ಚು ಬಿಟ್ಟ ಮೇಲೆ ಇಡೀ ಊರು ಅಲ್ಲೇ ಊಟಕ್ಕೆ ಕೂರುತ್ತೆ.

ಬೇಸಿಗೆಯಲ್ಲಿ ‘ಕೆಲ್ಲರ್’ಗಳು ತೆಗೆಯುತ್ತವೆ. ಫ್ರಿಜ್ ಇಲ್ಲದ ಕಾಲದಲ್ಲಿ ಬಿಯರ್ ತಂಪಾಗಿಡೋಕೆ ಗುಡ್ಡ ಕೊರೆದು ನೆಲಮಾಳಿಗೆ ಮಾಡ್ತಿದ್ದರು, ಮೇಲೆ ನೆರಳಿಗೆ ಅಂತ ಅಗಲ ಎಲೆಯ ಚೆಸ್ಟ್‌ನಟ್ ಮರ ನೆಟ್ಟರು. ಆಮೇಲೆ ಜನ ಆ ನೆರಳಲ್ಲೇ ಕೂತು ಕುಡಿಯೋಕೆ ಶುರು ಮಾಡಿದರು. ಮರ ಇದೆ, ಬೆಂಚಿದೆ, ಮೂಲೆಯಲ್ಲಿ ಮಕ್ಕಳಿಗೆ ಜಾರುಬಂಡೆ, ಮರಳಿನ ಗುಂಡಿ. ಫೋರ್ಶ್‌ಹೈಮ್ ಊರಿನ ಒಂದು ಗುಡ್ಡದ ಮೇಲೇನೇ ಇಂಥವು ಇಪ್ಪತ್ತಕ್ಕೂ ಹೆಚ್ಚಿವೆ. ಎರ್ಲಾಂಗನ್‌ನಿಂದ ಟ್ರೇನಲ್ಲಿ ಹತ್ತಿರ.

ಮ್ಯೂಸಿಕ್ ಇರಲ್ಲ. ಕತ್ತಲೆ ಇರಲ್ಲ. ಪಾರ್ಟಿಷನ್ ಹಾಕಿದ ಕ್ಯಾಬಿನ್ ಇರಲ್ಲ. ಯಾರು ಎಷ್ಟು ಕುಡೀತಿದ್ದಾರೆ ಅನ್ನೋದು ಅತ್ತೆ, ಸೊಸೆ, ಮೇಷ್ಟ್ರು, ಪಾದ್ರಿ ಎಲ್ಲರಿಗೂ ಕಾಣುತ್ತೆ. ನನ್ನ ಪ್ರಕಾರ ಜಾರುಬಂಡೆಗಿಂತ ಇದೇ ಮುಖ್ಯ.

ನಿಮ್ಮ ಅಮ್ಮನಿಗೆ ಮುಜುಗರ ಆಗುತ್ತಾ? ಮೊದಲ ಹತ್ತು ನಿಮಿಷ ಆಗಬಹುದು. ನಮ್ಮ ಅತ್ತೆ ಸೆರಗು ಮೂಗಿಗಿಟ್ಟುಕೊಂಡೇ ಕೂತರು. ಪಕ್ಕದ ಬೆಂಚಿನ ಜರ್ಮನ್ ಅಜ್ಜಿ ಬಂದು ಸೀರೆ ಮುಟ್ಟಿ ನೋಡಿ ಏನೋ ಕೇಳಿದಳು. ಆಮೇಲೆ ಇಬ್ಬರೂ ಒಬ್ಬರ ಭಾಷೆ ಒಬ್ಬರಿಗೆ ಬಾರದೆ ಅರ್ಧ ಗಂಟೆ ಮಾತಾಡಿದರು.

ಹದಡಿ ರೋಡ್
ಅಕ್ಕಾರೆ, ರುಚಿ ನೋಡೋದು ಅಂದ್ರೆ ಹೆಂಗೆ? ಸಣ್ಣ ಸಣ್ಣ ಗ್ಲಾಸಲ್ಲಿ ಐದಾರು ತರ ಕೊಡ್ತಾರಲ್ಲ, ಹಂಗಾ?

ನಿಟ್ಟುವಳ್ಳಿ ಟು ಎರ್ಲಾಂಗನ್
ಬೆಂಗಳೂರಿನ ಹಾಗೆ ಹಲಗೆ ಮೇಲೆ ಆರು ಗ್ಲಾಸ್ ಜೋಡಿಸಿ ತರೋದು ಹಳ್ಳಿಗಳಲ್ಲಿ ಕಡಿಮೆ. ಇರೋದೇ ಎರಡೋ ಮೂರೋ ಬಗೆ. ಕೊಡೋದು ಅರ್ಧ ಲೀಟರ್ ಮಗ್, ‘ಸೈಡ್ಲಾ’ ಅಂತಾರೆ. ನಾವು ಎರಡು ಬಗೆ ಎರಡು ಮಗ್ ತಗೊಂಡು ನಾಲ್ಕು ಜನ ಹಂಚಿ ನೋಡ್ತೀವಿ. ತಿಳಿ ಬಣ್ಣದ್ದು ಮೊದಲು, ಕಪ್ಪಗಿರೋದು ಆಮೇಲೆ. ಹೊಗೆ ವಾಸನೆಯದಿದ್ದರೆ ಅದು ಕೊನೆಗೇ, ಇಲ್ಲಾಂದ್ರೆ ಬೇರೆ ಯಾವುದರ ರುಚಿಯೂ ನಾಲಿಗೆಗೆ ಹತ್ತಲ್ಲ.

ಹೊಗೆ ಬಿಯರ್ ಬಾಂಬರ್ಗ್ ಅನ್ನೋ ಊರಿಂದು. ನೆನೆಸಿ ಮೊಳಕೆ ಬರಿಸಿದ ಬಾರ್ಲಿನ ಬೀಚ್ ಅನ್ನೋ ಜಾತಿ ಮರದ ಸೌದೆ ಉರಿ ಮೇಲೆ ಒಣಗಿಸ್ತಾರೆ, ಆ ಹೊಗೆ ಕಾಳಿಗೆ ಹಿಡಿಯುತ್ತೆ. ಮೂಗಿಗೆ ಸುಟ್ಟ ಮಾಂಸದ ವಾಸನೆ ಬಂದ ಹಾಗಾಗುತ್ತೆ, ಆದರೆ ಅದರಲ್ಲಿ ಮಾಂಸದ ಚೂರೂ ಇಲ್ಲ. ಇದನ್ನ ಅಮ್ಮನಿಗೆ ಮೊದಲೇ ಹೇಳಿಬಿಡಿ. ಬಾಂಬರ್ಗ್ ಹಳೇ ಪೇಟೆ 1993ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ನದಿ ಮಧ್ಯದಲ್ಲಿ ಕಟ್ಟಿರೋ ಹಳೇ ಪುರಭವನ ಒಂದನ್ನ ನೋಡೋಕೆ ಹೋದರೂ ಟಿಕೆಟ್ ದುಡ್ಡು ವಸೂಲಿ.

ಬಿಐಇಟಿ ಕೆಮಿಕಲ್
ಒಣಗಿಸೋ ಮಾತು ಬಂತು, ನಾನೂ ಒಂದಿಷ್ಟು ಸೇರಿಸ್ತೀನಿ. ಮಕ್ಕಳಿಗೆ ಅಲ್ಲಿ ಹಂಡೆ ತೋರಿಸುವಾಗ ಹೇಳೋಕೆ ಬರುತ್ತೆ.

ಮನೇಲಿ ಕೂಸಿಗೆ ರಾಗಿ ಸರಿ ಮಾಡೋಕೆ ರಾಗಿ ನೆನೆಸಿ, ಬಟ್ಟೇಲಿ ಕಟ್ಟಿ, ಮೊಳಕೆ ಬಂದಮೇಲೆ ಒಣಗಿಸಿ ಬೀಸ್ತೀವಲ್ಲ, ಬಿಯರಿನ ಮೊದಲ ಹೆಜ್ಜೆ ಬಾರ್ಲಿಯಲ್ಲಿ ಅದೇ. ಮೊಳಕೆ ಒಡೆಯುವಾಗ ಕಾಳಿನೊಳಗೆ ಕಿಣ್ವಗಳು ಎದ್ದೇಳುತ್ತವೆ. ಆ ಕಾಳು ಒಡೆದು ಬಿಸಿನೀರಲ್ಲಿ ಸುಮಾರು 62ರಿಂದ 72 ಡಿಗ್ರಿಯಲ್ಲಿ ಇಟ್ಟರೆ ಹಿಟ್ಟಿನ ಅಂಶ ಸಕ್ಕರೆ ಆಗುತ್ತೆ. ಸಣ್ಣ ಬ್ರೂವರಿಯವರು ಒಳ್ಳೆ ಮನಸ್ಸಲ್ಲಿದ್ದರೆ ಈ ಹಂತದ ನೀರನ್ನ ಒಂದು ಗುಟುಕು ಕುಡಿಯೋಕೆ ಕೊಡ್ತಾರೆ. ಬರೀ ಸಿಹಿ, ಆಲ್ಕೋಹಾಲ್ ಇಲ್ಲ, ಮಕ್ಕಳೂ ಕುಡಿಯಬಹುದು. ಆಮೇಲೆ ಸೋಸಿ, ಹಾಪ್ಸ್ ಅನ್ನೋ ಬಳ್ಳಿಯ ಹೂ ಹಾಕಿ ಕುದಿಸ್ತಾರೆ, ಕಹಿ ಬರೋದು ಅದರಿಂದ. ಆರಿಸಿ ಯೀಸ್ಟ್ ಹಾಕ್ತಾರೆ. ಲಾಗರ್ ಅನ್ನೋ ಜಾತಿ ಬಿಯರಿಗೆ ತಂಪು ಬೇಕು, ಹತ್ತು ಡಿಗ್ರಿ ಆಸುಪಾಸು. ನಂತರ ವಾರಗಟ್ಟಲೆ ಸೊನ್ನೆಯ ಹತ್ತಿರ ಮಾಗಿಸ್ತಾರೆ. ಅಕ್ಕ ಹೇಳಿದ ನೆಲಮಾಳಿಗೆ ಬೇಕಾಗಿದ್ದು ಅದಕ್ಕೇ.

1516ರಲ್ಲಿ ಬವೇರಿಯಾದ ದೊರೆ ಬಾರ್ಲಿ, ಹಾಪ್ಸ್, ನೀರು ಬಿಟ್ಟು ಬೇರೇನೂ ಹಾಕಕೂಡದು ಅಂತ ಕಟ್ಟಳೆ ಹೊರಡಿಸಿದ. ಯೀಸ್ಟ್ ಹೆಸರೇ ಅದರಲ್ಲಿ ಇರಲಿಲ್ಲ, ಅದೇನು ಅಂತ ಆಗ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ.

ಜಗಳೂರು ರೈತ
ಸಾರ್, ನಮ್ ಮೆಕ್ಕೆಜೋಳ ಬಿಯರಿಗೆ ಹೋಗಲ್ವಾ? ದಾವಣಗೆರೆ ಜಿಲ್ಲೆ ತುಂಬ ಅದೇ ಐತೆ.

ಬಿಐಇಟಿ ಕೆಮಿಕಲ್
ನಮ್ಮ ದೇಶದ ದೊಡ್ಡ ಕಂಪನಿಗಳ ಬಿಯರಲ್ಲಿ ಅಕ್ಕಿ, ಮೆಕ್ಕೆಜೋಳ ಸೇರಿಸೋದು ಇದೆ, ಖರ್ಚು ಕಡಿಮೆ, ರುಚಿ ತೆಳು. ಜರ್ಮನಿಯ ಲಾಗರಿಗೆ ಅದು ಸಲ್ಲ. ಆದರೆ ನಮ್ಮ ಮೆಕ್ಕೆಜೋಳಕ್ಕೆ ದೊಡ್ಡ ಗಿರಾಕಿ ಕೋಳಿ ಫೀಡು, ಸ್ಟಾರ್ಚು. ಬಾರ್ಲಿ ಹೆಚ್ಚಾಗಿ ಬೆಳೆಯೋದು ರಾಜಸ್ಥಾನ, ಉತ್ತರ ಪ್ರದೇಶದ ಕಡೆ, ಹಿಂಗಾರಿಗೆ.

ಜಗಳೂರು ರೈತ
ಸೋಸಿದ ಮೇಲೆ ಉಳಿಯೋ ಹೊಟ್ಟು ಏನ್ಮಾಡ್ತಾರೆ ಮತ್ತೆ?

ನಿಟ್ಟುವಳ್ಳಿ ಟು ಎರ್ಲಾಂಗನ್
ದನಕ್ಕೆ, ಹಂದಿಗೆ. ಬಿಯರ್ ಕಾಯಿಸಿದ ದಿನ ಪಕ್ಕದ ರೈತ ಟ್ರ್ಯಾಕ್ಟರ್ ತಂದು ತುಂಬ್ಕೊಂಡು ಹೋಗ್ತಾನೆ. ಬಿಸಿ ಬಿಸಿ ಹೊಟ್ಟಿನ ವಾಸನೆ ಬೀದಿ ತುಂಬ ಇರುತ್ತೆ.

ಸರಸ್ವತಿ ನಗರ ಟೀಚರ್
ಎಲ್ಲರೂ ಚೆನ್ನಾಗಿ ಬರೀತಿದ್ದೀರಿ, ಆದರೆ ನನಗೊಂದು ತಕರಾರಿದೆ. ನಾನು ಪಾಠ ಮಾಡೋ ಶಾಲೆಯಲ್ಲಿ ಅಪ್ಪ ಸಂಬಳವನ್ನೆಲ್ಲ ಕುಡಿದು ಬಂದು ಮಗಳ ಪುಸ್ತಕದ ದುಡ್ಡೂ ಇಲ್ಲದ ಮನೆಗಳಿವೆ. ಆ ಮಕ್ಕಳನ್ನ ನೋಡಿದ ಮೇಲೆ ‘ಕುಟುಂಬ ಸಮೇತ ಬಿಯರ್ ರುಚಿ’ ಅನ್ನೋದು ಗಂಟಲಲ್ಲಿ ಇಳಿಯಲ್ಲ. ಮರದ ಕೆಳಗೆ ಕುಡಿದರೂ ಅದು ಆಲ್ಕೋಹಾಲೇ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಎಷ್ಟೇ ಸಣ್ಣ ಪ್ರಮಾಣವನ್ನೂ ಸುರಕ್ಷಿತ ಅನ್ನೋಕೆ ಬರಲ್ಲ ಅಂತ ಸ್ಪಷ್ಟವಾಗಿ ಹೇಳಿತು. ಆರು ವರ್ಷದ ಮಗು ಅಪ್ಪ ಮಗ್ ಎತ್ತೋದನ್ನ ಹಬ್ಬದ ಹಾಗೆ ನೋಡಬೇಕಾ?

ಮಂಡಕ್ಕಿ ಮಿರ್ಚಿ
ಟೀಚರಮ್ಮ, ಮಕ್ಕಳು ಇಲ್ಲೂ ನೋಡ್ತಾವೆ. ಬಾರ್ ಮುಂದೆ ಬಿದ್ದಿರೋನ್ನ ನೋಡ್ತಾವೆ.

ಸರಸ್ವತಿ ನಗರ ಟೀಚರ್
ಅದು ಅಲ್ಲಿ ಕೂರೋಕೆ ಸಮರ್ಥನೆ ಆಗಲ್ಲಪ್ಪ.

ನಿಟ್ಟುವಳ್ಳಿ ಟು ಎರ್ಲಾಂಗನ್
ಮೇಡಂ, ನಿಮ್ಮ ಮಾತು ತೆಗೆದುಹಾಕೋ ಹಾಗಿಲ್ಲ. ಈ ದೇಶದಲ್ಲೂ ಕುಡಿತದ ಸಮಸ್ಯೆ ಇದೆ, ಮರದ ನೆರಳು ಅದನ್ನ ಮುಚ್ಚಲ್ಲ. ಇಲ್ಲಿ ಬಿಯರಿಗೆ ವಯಸ್ಸು 16, ಕರ್ನಾಟಕದಲ್ಲಿ 21. ಅಪ್ಪ-ಅಮ್ಮ ಜೊತೆಗಿದ್ದರೆ 14ಕ್ಕೇ ಕುಡಿಯೋಕೆ ಬಿಡೋ ಕಾನೂನೂ ಇದೆ, ಅದನ್ನ ತೆಗೀಬೇಕು ಅಂತ ಇಲ್ಲಿನವರೇ ಗಲಾಟೆ ಮಾಡ್ತಿದ್ದಾರೆ. ನನಗೂ ಅದು ಸರಿ ಕಾಣಲ್ಲ.

ನಾನು ಹೇಳೋದು ಇಷ್ಟೇ. ಬ್ರೂವರಿನ ದಿನದ ಮಧ್ಯದ ಒಂದು ಗಂಟೆ ಮಾಡ್ಕೊಳ್ಳಿ, ಇಡೀ ದಿನ ಮಾಡ್ಕೋಬೇಡಿ. ಕುಡಿಯದವರಿಗೆ, ಅಂದ್ರೆ ಅಮ್ಮ, ಮನೆಯವರು, ಮಕ್ಕಳಿಗೆ ದಿನ ತುಂಬಬೇಕು. ಕುಡಿಯೋರ ಸುತ್ತ ಅವರು ಕಾಯ್ತಾ ಕೂತರೆ ಅದು ಎಲ್ಲಿದ್ದರೂ ಬಾರೇ. ಔಫ್ಸೆಸ್ ದಾರಿಯಲ್ಲಿ ನಾಲ್ಕೂ ಬ್ರೂವರಿ ಮುಗಿಸ್ತೀವಿ ಅಂತ ಹೋಗೋ ಗಂಡಸರ ಗುಂಪಿರುತ್ತೆ. ನಾಲ್ಕಕ್ಕೂ ಮುದ್ರೆ ಹಾಕಿಸಿಕೊಂಡ್ರೆ ಪ್ರಮಾಣಪತ್ರ ಬೇರೆ. ಅಂಥವರ ಜೊತೆ ಮಕ್ಕಳನ್ನ ಕಳಿಸೋಕೆ ನಾನೂ ಒಪ್ಪಲ್ಲ.

ದುರ್ಗದ ಕಲ್ಲು
ಚಿತ್ರದುರ್ಗದಿಂದ. ಯಾರೂ ಕೇಳದ ಪ್ರಶ್ನೆ ಕೇಳ್ತೀನಿ: ಕಾರು ಓಡಿಸೋರು ಯಾರು? ನಮ್ಮ ಎನ್‌ಎಚ್ 48ರಲ್ಲಿ ಶನಿವಾರ ರಾತ್ರಿ ಡಾಬಾದಿಂದ ಎದ್ದು ಹೊರಟ ಗಾಡಿಗಳನ್ನ ನೋಡಿ ನೋಡಿ ಸಾಕಾಗೈತೆ.

ಲೆಕ್ಕ ನೋಡ್ರಿ. ಅಲ್ಲಿನ ಅರ್ಧ ಲೀಟರ್ ಮಗ್, ಶೇ. 5 ಅಂದ್ರೆ 25 ಎಂಎಲ್ ಶುದ್ಧ ಆಲ್ಕೋಹಾಲ್, ತೂಕ ಸುಮಾರು 20 ಗ್ರಾಂ. ನಮ್ಮ ಕಡೆ ಸ್ಟ್ರಾಂಗ್ ಬಾಟಲಿ 650 ಎಂಎಲ್, ಶೇ. 8ರ ತನಕ ಇರುತ್ತೆ, ಅಂದ್ರೆ 41 ಗ್ರಾಂ ಹತ್ರ. ನಮ್ಮ ಒಂದು ಬಾಟಲಿ ಅವರ ಎರಡು ಮಗ್‌ಗೆ ಸಮ. ಹಂಗಾಗಿ ‘ನಾನು ಊರಲ್ಲಿ ಎರಡು ಬಾಟಲಿ ಹೊಡೀತೀನಿ, ಇಲ್ಲಿ ಒಂದು ಮಗ್ ಏನಾಗುತ್ತೆ’ ಅಂತ ಸ್ಟೇರಿಂಗ್ ಹಿಡಿಯೋ ಭಾವಂದಿರು ಇರ್ತಾರೆ. ಅಲ್ಲಿ ರಕ್ತದಲ್ಲಿ ಲೀಟರಿಗೆ 0.5 ಗ್ರಾಂ ಮಿತಿ, ಹೊಸ ಲೈಸೆನ್ಸ್‌ನವರಿಗೆ ಸೊನ್ನೆ. ನಮ್ಮಲ್ಲಿ 100 ಎಂಎಲ್‌ಗೆ 30 ಮಿಲಿಗ್ರಾಂ, ಅಂದ್ರೆ ನಮ್ಮದೇ ಬಿಗಿ. ಕಾಗದದ ಮೇಲೆ.

ವಿದ್ಯಾನಗರದವ
ದುರ್ಗದ ಅಣ್ಣ, ಸರಿಯಾಗಿ ಹಿಡಿದ್ರಿ. ಭಾವ ಕಾರಲ್ಲೇ ಅಂದಿದ್ರು. ನಿನ್ನೆ ಕೇಳಿದೆ, ‘ಒಂದೇ ಮಗ್ ಬಿಡೋ’ ಅಂದರು.

ನಿಟ್ಟುವಳ್ಳಿ ಟು ಎರ್ಲಾಂಗನ್
ಭಾವನಿಗೆ ಟ್ರೇನ್ ಅಂತ ಖಡಾಖಂಡಿತ ಹೇಳಿ. ಏಳು ಜನಕ್ಕೆ ಒಂದು ಕಾರೂ ಸಾಲಲ್ಲ. ನ್ಯೂರೆಂಬರ್ಗ್ ಸುತ್ತಿನ ಸಾರಿಗೆಯಲ್ಲಿ ಗುಂಪಿಗೆ ದಿನದ ಟಿಕೆಟ್ ಇದೆ. ಒಂದರಲ್ಲಿ ಇಬ್ಬರು ದೊಡ್ಡವರು, ಜೊತೆಗೆ ಮಕ್ಕಳು ಹೋಗಬಹುದು. ಶನಿವಾರ ಕೊಂಡರೆ ಭಾನುವಾರಕ್ಕೂ ಅದೇ ನಡೆಯುತ್ತೆ. ಬಾಂಬರ್ಗ್, ಫೋರ್ಶ್‌ಹೈಮ್, ಎಬರ್‌ಮಾನ್‌ಸ್ಟಾಟ್ ಮೂರೂ ಇದರೊಳಗೇ ಬರುತ್ತವೆ.

ಮಕ್ಕಳಿಗೆ ಎಬರ್‌ಮಾನ್‌ಸ್ಟಾಟ್ ತಪ್ಪಿಸಬೇಡಿ. ಅಲ್ಲಿಂದ ಬೇರಿಂಗರ್ಸ್‌ಮ್ಯೂಲೆವರೆಗೆ ಭಾನುವಾರಗಳಲ್ಲಿ ಹಳೇ ಟ್ರೇನ್ ಓಡುತ್ತೆ, ಮೇನಿಂದ ಅಕ್ಟೋಬರ್ ತನಕ. ಕೆಲವು ದಿನ ಉಗಿ ಎಂಜಿನ್, ಕೆಲವು ದಿನ ಡೀಸೆಲ್. ಇದಕ್ಕೆ ಟಿಕೆಟ್ ಬೇರೆ ತಗೋಬೇಕು. ಹೊಳೆ ಪಕ್ಕ, ಸುಣ್ಣದ ಕಲ್ಲಿನ ಬಂಡೆಗಳ ಕೆಳಗೇ ಹೋಗುತ್ತೆ. ಪೊಟ್ಟನ್‌ಸ್ಟೈನ್‌ನಲ್ಲಿ ದೊಡ್ಡ ಗುಹೆ ಇದೆ, ಒಳಗೆ ಸಾವಿರಾರು ವರ್ಷ ಹಿಂದಿನ ಗುಹಾಕರಡಿಯ ಎಲುಬುಗೂಡು ನಿಲ್ಲಿಸಿದ್ದಾರೆ. 11 ವರ್ಷದವನಿಗೆ ಅದು ಸಾಕು. ಮೆಟ್ಟಿಲು ಮಾತ್ರ ಜಾಸ್ತಿ, ಅಮ್ಮನ ಮಂಡಿ ನೋಡ್ಕೊಳ್ಳಿ. ಮೇ ತಿಂಗಳಲ್ಲೂ ಒಳಗೆ ಸ್ವೆಟರ್ ಬೇಕೇ ಬೇಕು.

ವಿದ್ಯಾನಗರದವ
ಅಮ್ಮನ ಊಟಕ್ಕೆ ಏನು ಮಾಡೋದು ಅಕ್ಕಾ? ಅದೇ ದೊಡ್ಡ ತಲೆನೋವು.

ನಿಟ್ಟುವಳ್ಳಿ ಟು ಎರ್ಲಾಂಗನ್
ಇದರಲ್ಲಿ ಒಳ್ಳೆ ಸುದ್ದಿ ಇದೆ. ಬವೇರಿಯಾದ ಬಿಯರ್ ತೋಟಗಳಲ್ಲಿ ಊಟ ಮನೆಯಿಂದ ತರೋದು ಹಳೇ ಪದ್ಧತಿ. 1812ರಲ್ಲಿ ಅಲ್ಲಿನ ರಾಜ ಮ್ಯೂನಿಕ್‌ನ ಬ್ರೂವರಿಯವರಿಗೆ ನೆಲಮಾಳಿಗೆ ಮೇಲೆ ಬಿಯರ್ ಮಾರೋಕೆ ಬಿಟ್ಟ, ಆದರೆ ಬ್ರೆಡ್ ಬಿಟ್ಟು ಬೇರೆ ಊಟ ಕೊಡಬಾರದು ಅಂದ. ಹೋಟೆಲಿನವರ ಹೊಟ್ಟೆಗೆ ಹೊಡೀಬಾರದಲ್ಲ! ಆಗ ಜನ ಬುತ್ತಿ ಕಟ್ಕೊಂಡು ಬರೋಕೆ ಶುರು ಮಾಡಿದರು. ನಮ್ಮ ಕಡೆಯ ಕೆಲ್ಲರ್‌ಗಳಲ್ಲೂ ಬಹಳ ಕಡೆ ನಡೆಯುತ್ತೆ, ಕುಡಿಯೋದು ಮಾತ್ರ ಅಲ್ಲೇ ಕೊಳ್ಳಬೇಕು. ಬ್ರೂವರಿ ಪಕ್ಕದ ಊಟದ ಮನೆ ಒಳಗೆ ಕೂತರೆ ಇದು ನಡೆಯಲ್ಲ, ಹೊರಗಿನ ಬೆಂಚಿಗೂ ಒಂದು ಮಾತು ಕೇಳಿಯೇ ಬಿಚ್ಚಿ.

ನಾವು ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಖಾರ ಮಂಡಕ್ಕಿ ಬಿಚ್ಚಿಟ್ಟರೆ ಸುತ್ತಲಿನವರು ಇಣುಕ್ತಾರೆ. ಮಂಡಕ್ಕಿ ಬಿಯರಿಗೆ ಅಲ್ಲಿನ ಬ್ರೆಟ್ಸೆಲ್ ಅನ್ನೋ ಉಪ್ಪು ಬ್ರೆಡ್‌ಗಿಂತ ಚೆನ್ನಾಗಿ ಹೊಂದುತ್ತೆ ಅಂತ ನನ್ನ ಗಂಡನ ವಾದ.

ಆದರೆ ಊರಿಂದ ಬೆಣ್ಣೆ, ತುಪ್ಪ, ಪೇಡೆ ತರಬೇಡಿ. ಯುರೋಪಿನ ಹೊರಗಿನಿಂದ ಹಾಲಿನ ಪದಾರ್ಥ ಲಗೇಜಲ್ಲಿ ತರೋಕೆ ಬಿಡಲ್ಲ, ಏರ್‌ಪೋರ್ಟಲ್ಲೇ ಕಸದ ಬುಟ್ಟಿಗೆ ಹಾಕ್ತಾರೆ. ದಾವಣಗೆರೆ ಬೆಣ್ಣೆ ಹಾಗೆ ಹೋದರೆ ಸಂಕಟ ಆಗುತ್ತೆ. ರೊಟ್ಟಿಗೂ ಒಣ ಚಟ್ನಿಪುಡಿಗೂ ತೊಂದರೆ ಇಲ್ಲ.

ಅಲ್ಲೇ ತಗೊಳ್ಳೋದಾದರೆ ಹುಷಾರು. ಆಲೂಗಡ್ಡೆ ಉಂಡೆ ಮೇಲೆ ಸುರಿಯೋ ಕಂದು ಸಾರು ಮಾಂಸದ್ದು. ಆಲೂಗಡ್ಡೆ ಸಲಾಡ್ ನೋಡೋಕೆ ಸಾತ್ವಿಕ, ಬಹಳ ಕಡೆ ಮಾಂಸದ ನೀರಲ್ಲಿ ಕಲಸಿರ್ತಾರೆ. ಸ್ಪೆಟ್ಸ್‌ಲೆ ಅನ್ನೋ ಶಾವಿಗೆಯಂಥದ್ದರಲ್ಲಿ ಮೊಟ್ಟೆ ಇರುತ್ತೆ. ಚೀಸ್ ಗಟ್ಟಿ ಮಾಡೋಕೆ ಕರುವಿನ ಹೊಟ್ಟೆಯ ರೆನೆಟ್ ಹಾಕೋದುಂಟು, ಕಟ್ಟುನಿಟ್ಟಿನವರು ಅದನ್ನೂ ಬಿಡ್ತಾರೆ. ಮೇ ತಿಂಗಳು ಬಿಳಿ ಆಸ್ಪರಾಗಸ್ ಸುಗ್ಗಿ, ಬೇಯಿಸಿ ಬೆಣ್ಣೆ ಹಾಕಿ ಕೊಡಿ ಅಂತ ಕೇಳಿ. ಮೇಲೆ ಸುರಿಯೋ ಹಳದಿ ಸಾಸ್ ಮೊಟ್ಟೆಯದ್ದು, ಅದು ಬೇಡ ಅನ್ನಿ.

ಕುಡಿಯೋಕೆ ಮಕ್ಕಳಿಗೆ ಸೇಬಿನ ರಸಕ್ಕೆ ಸೋಡಾ ಬೆರೆಸಿದ ‘ಆಪ್ಫೆಲ್‌ಶೋರ್ಲೆ’. ಅಮ್ಮನಿಗೂ ಅದೇ ಕೊಡಿಸಿ. ‘ಆಲ್ಕೋಹಾಲ್ ರಹಿತ ಬಿಯರ್’ ಅಂತ ಕೊಡಿಸಬೇಡಿ, ಇಲ್ಲಿ ಶೇ. 0.5ರ ತನಕ ಇದ್ದರೂ ಹಾಗೇ ಕರೀತಾರೆ. ಬೇಕೇ ಬೇಕು ಅಂದ್ರೆ 0.0 ಅಂತ ಬರೆದಿರೋದು ನೋಡಿ. ಇನ್ನೊಂದು, ಕೂತ ತಕ್ಷಣ ನೀರಿನ ಲೋಟ ತಂದಿಡೋ ಪದ್ಧತಿ ಇಲ್ಲಿಲ್ಲ. ನೀರೂ ದುಡ್ಡು ಕೊಟ್ಟೇ ಕುಡೀಬೇಕು, ಕೆಲವು ಕಡೆ ಬಿಯರಿಗಿಂತ ಅಗ್ಗವೂ ಅಲ್ಲ.

ಹದಡಿ ರೋಡ್
ನೀರಿಗೂ ದುಡ್ಡಾ! ಬೆಣ್ಣೆದೋಸೆ ಹೋಟೆಲಲ್ಲಿ ಕೂರೋಕೆ ಮುಂಚೆ ಲೋಟ ಬಂದಿರುತ್ತೆ.

ಕುಂದವಾಡ ಕೆರೆ ವಾಕರ್
ಇಷ್ಟೆಲ್ಲ ಓದಿ ಒಂದು ಆಸೆ. ನಮ್ಮೂರಲ್ಲಿ ಇಂಥದ್ದೊಂದು ಯಾಕೆ ಆಗಬಾರದು? ಕೆರೆ ಕಡೆ ನಾಲ್ಕು ಮರ, ಬೆಂಚು...

ದುರ್ಗದ ಕಲ್ಲು
ಬೆಂಗಳೂರಲ್ಲಿ ಸಣ್ಣ ಬ್ರೂವರಿಗಳು ಶುರುವಾಗಿ ಹದಿನೈದು ವರ್ಷದ ಹತ್ರ ಆಯ್ತು. ಅಲ್ಲಿ ನಡೆಯೋದು ಒಂದು ಗ್ಲಾಸಿಗೆ ನೂರಾರು ರೂಪಾಯಿ ಕೊಡೋರು ಇರೋದ್ರಿಂದ. ಇಲ್ಲಿ ಅದೇ ದುಡ್ಡಿಗೆ ಕ್ವಾರ್ಟರ್ ಲೆಕ್ಕ ಹಾಕ್ತಾರೆ. ಏಪ್ರಿಲ್‌ನಲ್ಲಿ ನಲವತ್ತು ಡಿಗ್ರಿ ಹತ್ರ ಹೋಗೋ ಊರಲ್ಲಿ ಟ್ಯಾಂಕು ತಂಪಾಗಿಡೋ ಕರೆಂಟ್ ಬಿಲ್ ಬೇರೆ. ಸೋಸದ ತಾಜಾ ಬಿಯರ್ ಬಹಳ ದಿನ ನಿಲ್ಲಲ್ಲ, ವಾರದ ಮಧ್ಯೆ ಜನ ಬರದಿದ್ದರೆ ಚರಂಡಿಗೆ.

ಸರಸ್ವತಿ ನಗರ ಟೀಚರ್
ಕೆರೆ ದಂಡೆಗೆ ಬೆಂಚು ಹಾಕಿಸಿ, ಬಿಯರ್ ಬಿಟ್ಟು. ಹೆಂಗಸರು ಸಂಜೆ ಏಳರ ಮೇಲೂ ಕೂರೋ ಹಾಗೆ ದೀಪ ಹಾಕಿಸಿ. ಎರ್ಲಾಂಗನ್ ಮೇಡಂ ಹೇಳಿದ್ದರಲ್ಲಿ ನನಗೆ ಹೊಟ್ಟೆಕಿಚ್ಚು ಆಗಿದ್ದು ಅದೊಂದಕ್ಕೇ.

ಮಂಡಕ್ಕಿ ಮಿರ್ಚಿ
ಇದಕ್ಕೆ ನಾನೂ ಸೈ. ಮಿರ್ಚಿ ನಂದು.

ವಿದ್ಯಾನಗರದವ
ಎಲ್ಲರಿಗೂ ಥ್ಯಾಂಕ್ಸ್. ಅಮ್ಮನ ಹತ್ರ ನೇರ ಕೇಳಿಬಿಟ್ಟೆ. ‘ನೀವು ಕುಡಿಯೋರು ಕುಡ್ಕೊಳ್ಳಿ, ನನ್ನ ಮುಂದೆ ತೂರಾಡಬೇಡಿ. ಆ ಉಗಿಬಂಡಿ ಮಾತ್ರ ತೋರಿಸ್ರಿ’ ಅಂದರು. ಚಿಕ್ಕವರಿದ್ದಾಗ ಹರಿಹರಕ್ಕೆ ಹೋಗ್ತಿದ್ದಿದ್ದು ಅದರಲ್ಲೇ ಅಂತೆ. ಹಾಗಾಗಿ ಶನಿವಾರ ಬಾಂಬರ್ಗ್, ಭಾನುವಾರ ಟ್ರೇನು, ಮಧ್ಯಾಹ್ನ ಒಂದೇ ಒಂದು ಹಳ್ಳಿ ಬ್ರೂವರಿ. ಭಾವ ಒಪ್ಪಿದ್ದಾರೆ, ಕಾರು ಮನೇಲಿ. ಮೇ ಮಧ್ಯದಲ್ಲಿ ಹೋಗೋಕೆ ಏನಾದ್ರೂ ಅಡ್ಡಿ ಇದೆಯಾ?

ನಿಟ್ಟುವಳ್ಳಿ ಟು ಎರ್ಲಾಂಗನ್
ಈಸ್ಟರ್ ಆಗಿ 39ನೇ ದಿನ, ಒಂದು ಗುರುವಾರ, ಇಲ್ಲಿ ಗಂಡಸರ ಹಬ್ಬ. ‘ಅಪ್ಪಂದಿರ ದಿನ’ ಅಂತ ಹೆಸರು, ಕೈಗಾಡಿಯಲ್ಲಿ ಬಿಯರ್ ಪೆಟ್ಟಿಗೆ ಎಳ್ಕೊಂಡು ಹಾಡ್ತಾ ಹೋಗ್ತಾರೆ. ಆ ದಿನ ಹಳ್ಳಿ ಬ್ರೂವರಿ ಕಡೆ ತಲೆ ಹಾಕಬೇಡಿ. ಆಮೇಲೆ ಒಂದು ವಾರಕ್ಕೆ ಎರ್ಲಾಂಗನ್‌ನಲ್ಲೇ 1755ರಿಂದ ನಡೆದು ಬಂದಿರೋ ಬೆಟ್ಟದ ಬಿಯರ್ ಜಾತ್ರೆ ಶುರು, ಹನ್ನೆರಡು ದಿನ. ಮಧ್ಯಾಹ್ನ ಮಕ್ಕಳನ್ನ ತೊಟ್ಟಿಲು-ಚಕ್ರಕ್ಕೆ ಕರ್ಕೊಂಡು ಹೋಗಬಹುದು, ಸಂಜೆ ಐದರೊಳಗೆ ಮನೆ ಸೇರ್ಕೊಳ್ಳಿ.

ಹಳ್ಳಿ ಬ್ರೂವರಿಗಳಿಗೆ ವಾರದ ರಜೆ ಇರುತ್ತೆ, ಹೆಚ್ಚಾಗಿ ಸೋಮವಾರ, ಮಂಗಳವಾರ. ಆದರೆ ಮನೆಯಲ್ಲಿ ಮದುವೆ ಇದ್ದರೆ ಭಾನುವಾರವೂ ಬಾಗಿಲು ಹಾಕ್ತಾರೆ, ಭಾವನ ಹತ್ರ ಹಿಂದಿನ ದಿನ ಫೋನ್ ಮಾಡಿಸಿ. ಏಳು ಜನಕ್ಕೆ ಮೇಜು ಹೇಳಿಡಿಸಿ. ಹೋಗಿ ಕೂರುವಾಗ ‘ಸ್ಟಾಮ್‌ಟಿಶ್’ ಅಂತ ಬರೆದ ಮೇಜಿಗೆ ಮಾತ್ರ ಕೂರಬೇಡಿ, ಅದು ಊರ ಹಿರಿಯರದ್ದು, ಖಾಲಿ ಇದ್ದರೂ ಎಬ್ಬಿಸ್ತಾರೆ. ಕಾರ್ಡ್ ನಡೆಯದ ಕಡೆಗಳು ಇನ್ನೂ ಬಹಳ ಇವೆ, ಕೈಯಲ್ಲಿ ನೋಟು ಇರಲಿ. ಟಾಯ್ಲೆಟ್‌ಗೆ ಅಂತ ಚಿಲ್ಲರೆನೂ.

ವಿದ್ಯಾನಗರದವ
ಸರಿ ಅಕ್ಕಾ. ನಿಮಗೆ ಊರಿಂದ ಏನು ತರಲಿ?

ನಿಟ್ಟುವಳ್ಳಿ ಟು ಎರ್ಲಾಂಗನ್
ಮಂಡಕ್ಕಿ. ಎಷ್ಟು ಹಿಡಿಯುತ್ತೋ ಅಷ್ಟು.